ಶರಾವತಿ–ವಾರಾಹಿ ಸೀಮೆಯಲ್ಲಿ ಸೈಕಲ್ ಸವಾರಿ: ಯಾವ ದಾರಿ, ಯಾವ ಋತು, ಎಷ್ಟು ಶಕ್ತಿ

ಕೆಲವು ವರ್ಷಗಳಿಂದೀಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರು ಒಂದು ಹೊಸ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಹಿಂದೆ “ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು?” ಎಂದು ವಿಚಾರಿಸುತ್ತಿದ್ದ ನಿವೃತ್ತ ಶಿಕ್ಷಕರು, ಬ್ಯಾಂಕಿನ ನೌಕರರು, ಅಂಗಡಿ ನಡೆಸುವವರು ಈಗ “ಡಾಕ್ಟ್ರೇ, ಹುಡುಗರ ಜೊತೆ ಸೈಕಲ್ ಮೇಲೆ ಆಗುಂಬೆ ಹತ್ತಬಹುದೇ?” ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಗೇರ್ ಸೈಕಲ್ಲೊಂದನ್ನು ಕಳುಹಿಸಿರುತ್ತಾನೆ. ಊರಿನ ನಾಲ್ಕಾರು ಜನ ಸೇರಿ ತಂಡ ಕಟ್ಟಿರುತ್ತಾರೆ. ಮಳೆ ಹಿಡಿದೊಡನೆ ಮಲೆನಾಡನ್ನು ನೋಡುವ ಉತ್ಸಾಹ ಉಕ್ಕುತ್ತದೆ. ಹೋಗಬೇಡಿರೆಂದು ನಾವು ಯಾರಿಗೂ ಹೇಳಿದವರಲ್ಲ. ಮೊಣಕಾಲಿನ ಮೇಲೆ ದೇಹದ ಪೂರ್ಣ ಭಾರ ಬೀಳದಂತೆ ಮಾಡಬಹುದಾದ ವ್ಯಾಯಾಮಗಳಲ್ಲಿ ಸೈಕಲ್ ಸವಾರಿಗೆ ಮೇಲಾದ ಸ್ಥಾನವಿದೆ. ವಿದ್ಯಾರ್ಥಿದೆಸೆಯಿಂದಲೂ ಈ ರಸ್ತೆಗಳಲ್ಲಿ ಪೆಡಲ್ ತುಳಿದವರು ನಾವು. ಆದರೆ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆದು ಹೊರಡುವವರು ಘಾಟಿಯಲ್ಲಿ ಮೋಸಹೋಗುತ್ತಾರೆಂಬುದನ್ನು ಕಂಡಿದ್ದೇವೆ. ಒಮ್ಮೆ ನಾವೇ ಮೋಸಹೋಗಿದ್ದೇವೆ. ಆ ಪ್ರಸಂಗವನ್ನು ಮುಂದೆ ಹೇಳುತ್ತೇವೆ.

ಮೊದಲು ಈ ನೆಲದ ರಚನೆಯನ್ನು ತಿಳಿಯಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಸಹ್ಯಾದ್ರಿಯ ಮೇಲ್ತುದಿಯ ಪ್ರಸ್ಥಭೂಮಿಯಲ್ಲಿವೆ. ಪಶ್ಚಿಮಕ್ಕೆ ಸರಿದಂತೆ ನೆಲವು ಗೋಡೆಯಂತೆ ಕಡಿದು ಕರಾವಳಿಗೆ ಇಳಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಮೇಲಿನ ನೆಲದಲ್ಲೇ ವಾಯವ್ಯಕ್ಕೆ ಹರಿದು ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ. ಅದಕ್ಕೆ ಮೊದಲೇ ಆಕೆಯನ್ನು ತಡೆದು ನಿಲ್ಲಿಸಿರುವುದು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ ಸುಮಾರು 554 ಮೀಟರ್. ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರೂ ಲಿಂಗನಮಕ್ಕಿಗೇ ಬಂದು ಸೇರುತ್ತದೆ. ದಕ್ಷಿಣಕ್ಕೆ ವಾರಾಹಿಗೆ ಅಡ್ಡಲಾಗಿ ಮಾಣಿ ಅಣೆಕಟ್ಟು ಇದ್ದು, ಅಲ್ಲಿಯ ನೀರು ಬೆಟ್ಟದ ಒಡಲೊಳಗಿಂದ ಸುಮಾರು ನಾಲ್ಕೂವರೆ ನೂರು ಮೀಟರ್ ಕೆಳಕ್ಕೆ ಬಿದ್ದು ಭೂಗರ್ಭ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಸೈಕಲ್ ಸವಾರನು ಇದನ್ನು ನೆನಪಿಡಬೇಕು. ಯಾವ ಎತ್ತರದಿಂದ ಬಿದ್ದು ನೀರು ನಾಡಿಗೆ ವಿದ್ಯುತ್ತನ್ನು ಕೊಡುತ್ತದೆಯೋ, ಕರಾವಳಿಯಿಂದ ಬರುವವನು ಹೆಚ್ಚುಕಡಿಮೆ ಅದೇ ಎತ್ತರವನ್ನು ತನ್ನ ತೊಡೆಯ ಮಾಂಸಖಂಡ ಮತ್ತು ಹೃದಯದ ಬಲದಿಂದ ಏರಬೇಕಾಗುತ್ತದೆ.

ಇದರ ಲೆಕ್ಕ ಸುಲಭ. ಸೋಮೇಶ್ವರದಿಂದ ಆಗುಂಬೆಗೆ ಹತ್ತು ಹನ್ನೆರಡು ಕಿ.ಮೀ. ದಾರಿ, 14 ತಿರುವುಗಳು, ಅರ್ಧ ಕಿಲೋಮೀಟರಿಗೂ ಮಿಗಿಲಾದ ಎತ್ತರ. 75 ಕಿಲೋ ತೂಕದ ಸವಾರ 12 ಕಿಲೋ ತೂಕದ ಸೈಕಲ್ಲಿನೊಡನೆ ಅಷ್ಟು ಮೇಲೇರಲು ದೇಹವು ನಾಲ್ಕೂವರೆ ನೂರರಿಂದ ಐನೂರು ಕಿಲೋಕ್ಯಾಲರಿಗಳಷ್ಟು ಶಕ್ತಿಯನ್ನು ವ್ಯಯಿಸಬೇಕು. ಅದರಲ್ಲಿ ಕಾಲುಭಾಗದಷ್ಟು ಮಾತ್ರ ಚಲನೆಗೆ ಒದಗುತ್ತದೆ, ಉಳಿದುದೆಲ್ಲ ಉಷ್ಣವಾಗಿ ಹೊರಬೀಳಬೇಕು. ಸಮತಟ್ಟಾದ ರಸ್ತೆಯಲ್ಲಿ ದಣಿವಾದರೆ ಪೆಡಲ್ ನಿಲ್ಲಿಸಿದರೂ ಸೈಕಲ್ಲು ಸ್ವಲ್ಪ ದೂರ ತಾನೇ ಸಾಗುತ್ತದೆ. ಏರಿನಲ್ಲಿ ಆ ವಿರಾಮವಿಲ್ಲ. ಹೃದಯಕ್ಕೆ ಒಂದೇ ಸಮನೆ ಮುಕ್ಕಾಲು ಗಂಟೆ, ಒಂದು ಗಂಟೆ ಬಿಡುವಿಲ್ಲದ ದುಡಿಮೆ. ಬಯಲುಸೀಮೆಯಲ್ಲಿ ದಿನಕ್ಕೆ 40 ಕಿ.ಮೀ. ಸಲೀಸಾಗಿ ಓಡಿಸುವ ವ್ಯಕ್ತಿಗೆ ಹತ್ತು ಕಿ.ಮೀ. ಘಾಟಿ ಕ್ಷುಲ್ಲಕವೆಂದು ತೋರುವುದೂ, ಅರ್ಧ ದಾರಿಯಲ್ಲಿ ಕಣ್ಣು ಕತ್ತಲಿಡುವುದೂ ಈ ಕಾರಣದಿಂದ.

ಆಯುರ್ವೇದವು ಇಲ್ಲಿ ಒಂದು ಅಳತೆಗೋಲನ್ನು ಕೊಟ್ಟಿದೆ. ಅದಕ್ಕೆ ಅರ್ಧಶಕ್ತಿ ಎಂದು ಹೆಸರು. ಬಲಶಾಲಿಯಾದವನೂ, ತುಪ್ಪ ಎಣ್ಣೆಗಳಿಂದ ಕೂಡಿದ ಸ್ನಿಗ್ಧಾಹಾರವನ್ನು ಸೇವಿಸುವವನೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದೂ, ಅದೂ ಶೀತಕಾಲ ಮತ್ತು ವಸಂತದಲ್ಲೆಂದೂ, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆಯೆಂದೂ ವಾಗ್ಭಟಾಚಾರ್ಯರು ‘ಅಷ್ಟಾಂಗಹೃದಯ’ದಲ್ಲಿ ವಿಧಿಸಿದ್ದಾರೆ. ಅರ್ಧವೆಂಬುದನ್ನು ಅರಿಯುವುದು ಹೇಗೆ? ಸುಶ್ರುತಾಚಾರ್ಯರು ಅದರ ಲಕ್ಷಣವನ್ನು ಹೇಳಿದ್ದಾರೆ. ಎದೆಯೊಳಗಿನ ವಾಯು ಬಾಯಿಗೆ ಬರತೊಡಗಿದಾಗ, ಅಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾದಾಗ ಅರ್ಧಶಕ್ತಿ ಮುಗಿದಿದೆಯೆಂದು ತಿಳಿಯಬೇಕು. ಹಣೆ, ಕಂಕುಳು, ಸಂಧಿಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಅದರ ಜೊತೆಗಿನ ಗುರುತುಗಳು. ಈಗಿನ ವ್ಯಾಯಾಮತಜ್ಞರು ಇದನ್ನೇ ಬೇರೆ ರೀತಿಯಲ್ಲಿ, “ಪಕ್ಕದವನೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಆಗುತ್ತಿರಬೇಕು” ಎಂದು ಹೇಳುತ್ತಾರೆ. ಏರಿನಲ್ಲಿ ಮಾತು ತುಂಡಾಯಿತೆಂದರೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯಿರಿ. ರಕ್ತದೊತ್ತಡಕ್ಕಾಗಿ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸುವವರಲ್ಲಿ ನಾಡಿಯ ವೇಗ ಎಷ್ಟು ದಣಿದರೂ ಹೆಚ್ಚು ಏರುವುದಿಲ್ಲ. ಅಂಥವರು ಕೈಗಡಿಯಾರ ತೋರಿಸುವ ನಾಡಿಯ ಸಂಖ್ಯೆಯನ್ನು ನಂಬಿ ಕೂರದೆ ಉಸಿರನ್ನೇ ನೋಡಿಕೊಳ್ಳಬೇಕು.

ವ್ಯಾಯಾಮವನ್ನು ಬಿಡಬೇಕಾದವರ ಸಾಲಿನಲ್ಲಿ ಅಜೀರ್ಣವುಳ್ಳವನನ್ನೂ ವೃದ್ಧನನ್ನೂ ಶಾಸ್ತ್ರವು ಸೇರಿಸಿದೆ. ಸುಶ್ರುತರ ವಯೋವಿಭಾಗದಲ್ಲಿ ವೃದ್ಧಾಪ್ಯವು ಎಪ್ಪತ್ತರ ಮೇಲೆ ಆರಂಭವಾಗುತ್ತದೆಂಬ ಆಧಾರವನ್ನು ಹಿಡಿದುಕೊಂಡು ನಾವು ಇನ್ನೂ ಸೈಕಲ್ಲನ್ನು ಬಿಟ್ಟಿಲ್ಲ. ಮನೆಯವರು ಈ ವ್ಯಾಖ್ಯಾನವನ್ನು ಒಪ್ಪುವುದಿಲ್ಲ.

ಈಗ ದಾರಿಗಳ ವಿಚಾರ. ಐವತ್ತು ದಾಟಿದವರಿಗೆ ನಾವು ಸೂಚಿಸುವುದು ಪ್ರಸ್ಥಭೂಮಿಯ ಮೇಲೆಯೇ, ಹಿನ್ನೀರಿನ ಆಸುಪಾಸಿನಲ್ಲಿ ಸಾಗುವ ರಸ್ತೆಗಳನ್ನು. ಸಾಗರದಿಂದ ಹೊರಟು ಇಕ್ಕೇರಿಯ ಅಘೋರೇಶ್ವರನ ದರ್ಶನ ಮುಗಿಸಿ, ಆವಿನಹಳ್ಳಿಯ ಮೇಲೆ ಅಂಬಾರಗೋಡ್ಲಿಗೆ ಬಂದರೆ ಎದುರಿಗೆ ಶರಾವತಿಯ ಹಿನ್ನೀರು. ಇಲ್ಲಿ ಮೊದಲು ಲಾಂಚಿಗಾಗಿ ಕಾದು ನಿಲ್ಲಬೇಕಿತ್ತು. 2025ರ ಜುಲೈನಲ್ಲಿ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ತೆರೆದ ಮೇಲೆ ಸಿಗಂದೂರಿನವರೆಗೆ ಒಂದೇ ದಾರಿಯಾಗಿದೆ. ಒಂದು ಕಡೆಗೆ ಮೂವತ್ತು ಕಿ.ಮೀ.ಗಿಂತ ಹೆಚ್ಚು, ಬೆಳಿಗ್ಗೆ ಹೋಗಿ, ಸೈಕಲ್ಲನ್ನು ವಾಹನಕ್ಕೆ ಏರಿಸಿ ಹಿಂದಿರುಗುವುದು ಹೊಸಬರಿಗೆ ಯುಕ್ತ. ಸೇತುವೆಯ ಮೇಲೆ ಅಡ್ಡಗಾಳಿ ಬಲವಾಗಿರುತ್ತದೆ, ಹ್ಯಾಂಡಲನ್ನು ಎರಡೂ ಕೈಯಿಂದ ಹಿಡಿಯಬೇಕು. ಆ ನೀರಿನ ಕೆಳಗೆ ಗದ್ದೆ, ತೋಟ, ಮನೆಗಳಿದ್ದವು. ನಮ್ಮಲ್ಲಿ ಔಷಧಿಗೆ ಬರುವ ಒಬ್ಬ ಅಜ್ಜಿಯ ತವರುಮನೆ ಅಲ್ಲಿದೆ. ಮುಳುಗಡೆಯಾದಾಗ ತಾನಿನ್ನೂ ಲಂಗ ತೊಡುತ್ತಿದ್ದೆನೆಂದು ಹೇಳುತ್ತಾರೆ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಲಿಂಗನಮಕ್ಕಿಗೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಮೈದೋರುತ್ತದೆ.

ಎರಡನೆಯದು ಹೊಸನಗರದಿಂದ ನಗರಕ್ಕೆ ಹೋಗುವ ದಾರಿ. ಇಪ್ಪತ್ತು ಕಿ.ಮೀ.ಗಿಂತ ಕಡಿಮೆ. ನಗರವೆಂದರೆ ಹಳೆಯ ಬಿದನೂರು. ಕೆಳದಿಯ ಅರಸರು ಕೆಳದಿ, ಇಕ್ಕೇರಿಗಳ ತರುವಾಯ ರಾಜಧಾನಿ ಮಾಡಿಕೊಂಡಿದ್ದ ಊರು. 1763ರಲ್ಲಿ ಹೈದರಾಲಿಯ ವಶವಾಯಿತು. ಕೋಟೆಯನ್ನೂ, ಸಮೀಪದಲ್ಲಿ ಸದಾ ನೀರು ಹರಿಯುವ ದೇವಗಂಗೆಯ ಕೊಳಗಳನ್ನೂ ನೋಡಿ ಬರುವುದಕ್ಕೆ ಅರ್ಧ ದಿನ ಸಾಕು. ಇಂತಹ ರಸ್ತೆಗಳಲ್ಲಿ ದೊಡ್ಡ ಏರು ಇಲ್ಲ, ಆದರೆ ಸಮತಟ್ಟೂ ಅಲ್ಲ. ಹಿನ್ನೀರಿಗೆ ಸೇರುವ ಪ್ರತಿಯೊಂದು ಹಳ್ಳಕ್ಕೂ ರಸ್ತೆ ಇಳಿಯುತ್ತದೆ, ದಾಟಿ ಮತ್ತೆ ಏರುತ್ತದೆ. ಹತ್ತಿಪ್ಪತ್ತು ಮೀಟರಿನ ಈ ಸಣ್ಣ ಏರುಗಳು ಒಂದರ ಹಿಂದೆ ಒಂದು ಬಂದು, ಮಧ್ಯೆ ಇಳಿಜಾರಿನಲ್ಲಿ ಉಸಿರಿಗೆ ವಿಶ್ರಾಂತಿ ಸಿಗುವುದರಿಂದ ಮಧ್ಯವಯಸ್ಕರ ಹೃದಯಕ್ಕೆ ಇದು ಹಿತವಾದ ಅಭ್ಯಾಸ. ಏರು ಕಣ್ಣಿಗೆ ಬೀಳುವ ಮೊದಲೇ ಹಗುರವಾದ ಗೇರಿಗೆ ಬದಲಿಸಿಕೊಳ್ಳಬೇಕು. ಭಾರವಾದ ಗೇರಿನಲ್ಲಿ ಹಲ್ಲುಕಚ್ಚಿ ತುಳಿಯುವುದರಿಂದ ಮಂಡಿಯ ಚಿಪ್ಪಿನ ಹಿಂದೆ ನೋವು ಹುಟ್ಟುತ್ತದೆ. ಹಾಗೆ ನೋವು ತಂದುಕೊಂಡವರೇ ಬಳಿಕ ಸಂಧಿವಾತದ ತೈಲ ಕೇಳಿಕೊಂಡು ನಮ್ಮಲ್ಲಿಗೆ ಬರುತ್ತಾರೆ.

ತೀರ್ಥಹಳ್ಳಿಯ ಕಡೆಯಿಂದ ಯಡೂರು, ಮಾಸ್ತಿಕಟ್ಟೆ, ಹುಲಿಕಲ್ಲುಗಳ ಮೇಲೆ ಸಾಗುವ ಮೂರನೆಯ ದಾರಿ ವಾರಾಹಿಯ ಸೀಮೆಯದು. ಕಾಡು ದಟ್ಟ, ವಾಹನ ವಿರಳ, ಸೌಂದರ್ಯದಲ್ಲಿ ಉಳಿದೆರಡನ್ನೂ ಮೀರಿಸುತ್ತದೆ. ಹುಲಿಕಲ್ಲಿನವರೆಗೆ ಹೋಗಿ ಹಿಂದಿರುಗುವುದಾದರೆ ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ಬಾಳೆಬರೆ ಘಾಟಿ ಹೊಸಂಗಡಿಗೆ ಇಳಿಯುತ್ತದೆ. ಇಳಿದವನು ಏರಲೇಬೇಕಷ್ಟೆ.

ಮೇಲೆ ಸೂಚಿಸಿದ ಪ್ರಸಂಗ ನಡೆದದ್ದು ಈ ಘಾಟಿಯಲ್ಲಿ. ಕೆಲವು ವರ್ಷಗಳ ಹಿಂದೆ, ಶ್ರಾವಣಮಾಸ. ನಾವು ಆರು ಜನ ಹಿಂದಿನ ದಿನ ಕೆಳಗಿಳಿದು ಮರುದಿನ ಮುಂಜಾನೆ ಏರತೊಡಗಿದೆವು. ಕೆಳಗಿನ ಹೋಟೆಲಿನಲ್ಲಿ ಎಲ್ಲರೂ ಬನ್ಸ್, ಗೋಳಿಬಜೆ ತಿಂದಿದ್ದೆವು. ತಂಡದಲ್ಲಿ ಐವತ್ತೆಂಟರ ವಯಸ್ಸಿನ ಒಬ್ಬ ವರ್ತಕರಿದ್ದರು, ಬಹುಕಾಲದ ಸ್ನೇಹಿತರು. ಅರ್ಧ ಘಾಟಿಯಲ್ಲಿ ಅವರು ಸೈಕಲ್ಲಿನಿಂದ ಇಳಿದು ತಡೆಗೋಡೆಯ ಮೇಲೆ ಕುಳಿತರು. ಎದೆಯ ಮಧ್ಯೆ ಉರಿ, ತೇಗು ಬಂದಂತೆ, ದವಡೆಯಲ್ಲಿ ಸೆಳೆತ. “ಎಣ್ಣೆ ತಿಂಡಿ ತಿಂದದ್ದೇ ತಪ್ಪಾಯ್ತು ನೋಡಿ, ಗ್ಯಾಸು” ಎಂದರು. ನಾವೂ ಹಾಗೆಯೇ ಭಾವಿಸಿದೆವು. ನಮ್ಮ ಚೀಲದಲ್ಲಿ ಹಿಂಗ್ವಾಷ್ಟಕ ಚೂರ್ಣವಿತ್ತು, ಬಿಸಿನೀರಿನ ಫ್ಲಾಸ್ಕೂ ಇತ್ತು. ಕೊಟ್ಟು, ಬೆನ್ನು ನೀವಿ, ಕಾದೆವು. ಸುಮಾರು ನಲವತ್ತು ನಿಮಿಷ ಕಾದೆವು. ಮಳೆಯಲ್ಲಿ ಎಲ್ಲರ ಮೈಯೂ ಒದ್ದೆಯಾಗಿದ್ದುದರಿಂದ ಅವರ ಮೈಯ ತಣ್ಣನೆಯ ಬೆವರನ್ನು ನಾವು ಗುರುತಿಸಲಿಲ್ಲ. ಮಣಿಕಟ್ಟನ್ನು ಹಿಡಿದು ನೋಡಿದಾಗ ನಾಡಿ ಕ್ಷೀಣವಾಗಿಯೂ ವಿಷಮವಾಗಿಯೂ ಇತ್ತು. ಆಗ ನಮಗೆ ಅರ್ಥವಾಯಿತು. ಫೋನಿಗೆ ಸಂಪರ್ಕವಿಲ್ಲ. ಕೆಳಗಿಳಿಯುತ್ತಿದ್ದ ಬಸ್ಸೊಂದನ್ನು ಅಡ್ಡಗಟ್ಟಿ, ಸೀಟಿನ ಮೇಲೆ ಮಲಗಿಸಿ, ಕರಾವಳಿಯ ಆಸ್ಪತ್ರೆಗೆ ತಲುಪಿಸಿದೆವು. ಹೃದಯದ ರಕ್ತನಾಳವೊಂದು ಮುಚ್ಚಿಹೋಗಿತ್ತು. ಕರ್ತವ್ಯದಲ್ಲಿದ್ದ ತರುಣ ವೈದ್ಯರು “ನೋವು ಶುರುವಾಗಿ ಎಷ್ಟು ಹೊತ್ತಾಯಿತು? ಅಲ್ಲಿಯವರೆಗೆ ಏನು ಮಾಡಿದಿರಿ?” ಎಂದು ಕೇಳಿದರು. ನಾವೂ ವೈದ್ಯರೆಂದು ಹೇಳಿಕೊಂಡೇ ಉತ್ತರಿಸಬೇಕಾಯಿತು. ಸ್ಟೆಂಟ್ ಹಾಕಿ ಜೀವ ಉಳಿಸಿದರು, ಆದರೆ ಹೃದಯದ ಮಾಂಸಖಂಡದ ಒಂದು ಭಾಗ ಮರಳಿ ಮೊದಲಿನಂತಾಗಲಿಲ್ಲ. ಆ ನಲವತ್ತು ನಿಮಿಷದ ಹೊಣೆ ನಮ್ಮದು.

ಆದಕಾರಣ ಓದುಗರಲ್ಲಿ ನಮ್ಮ ವಿನಂತಿ: ಏರಿನಲ್ಲಿ ಎದೆಯಲ್ಲಾಗಲಿ, ದವಡೆ, ಎಡತೋಳು, ಬೆನ್ನು, ಮೇಲ್ಹೊಟ್ಟೆಗಳಲ್ಲಾಗಲಿ ಒತ್ತಿದಂತೆ, ಉರಿದಂತೆ ಆದರೆ ಅದು ಹೃದಯದ್ದೆಂದೇ ತಿಳಿದು ನಡೆದುಕೊಳ್ಳಿ. ಗ್ಯಾಸ್ ಎಂಬ ನಿರ್ಣಯವನ್ನು ಇಸಿಜಿ ನೋಡಿದ ವೈದ್ಯರು ಮಾಡಲಿ. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರಿಯ ಉಬ್ಬಸ, ಸುಸ್ತು, ಬೆವರಾಗಿ ಇದು ತೋರಬಹುದು. ಯಾವ ಚೂರ್ಣ, ಕಷಾಯಕ್ಕೂ ಕಾಯಬೇಡಿ. ಹೃದಯವೈದ್ಯರು ಮೊದಲೇ ಸೂಚಿಸಿ ಕೊಟ್ಟ ಮಾತ್ರೆಯಿದ್ದರೆ ಅವರು ಹೇಳಿದಂತೆ ಕೊಟ್ಟು, ಸಿಕ್ಕ ವಾಹನದಲ್ಲಿ ಹೊರಡಿ. ಸಂಪರ್ಕ ಸಿಕ್ಕೊಡನೆ 108ಕ್ಕೆ ಕರೆ ಮಾಡಿ. ನಲವತ್ತು ದಾಟಿದವರು, ಅದರಲ್ಲೂ ಮಧುಮೇಹ, ರಕ್ತದೊತ್ತಡ, ಧೂಮಪಾನ ಇರುವವರು, ಘಾಟಿ ಹತ್ತುವ ಮನಸ್ಸಿದ್ದರೆ ಮೊದಲು ಹೃದಯತಜ್ಞರಲ್ಲಿ ತಪಾಸಣೆ ಮಾಡಿಸಿಕೊಂಡು, ಅವರು ಅಗತ್ಯವೆಂದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮುಗಿಸಿ ಹೊರಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಸೇವಿಸುವವರು ಸವಾರಿಯ ದಿನದ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿ ನಿಶ್ಚಯಿಸಬೇಕು. ಕಿಸೆಯಲ್ಲಿ ಬೆಲ್ಲದ ತುಂಡು ಇರಲೇಬೇಕು.

ಋತುವಿನ ವಿಚಾರಕ್ಕೆ ಬಂದರೆ, ನಮ್ಮ ಜನ ಹೊರಡುವ ಕಾಲಕ್ಕೂ ಶಾಸ್ತ್ರ ಒಪ್ಪುವ ಕಾಲಕ್ಕೂ ನೇರ ವಿರೋಧವಿದೆ. ಎಲ್ಲರಿಗೂ ಆಷಾಢ ಶ್ರಾವಣಗಳ ಮಲೆನಾಡು ಬೇಕು. ವರ್ಷಾಋತುವಿನಲ್ಲಾದರೋ ಜಠರಾಗ್ನಿ ಮಂದವಾಗಿ, ವಾತ ಪ್ರಕೋಪಗೊಂಡು, ದೇಹಬಲ ಕುಗ್ಗಿರುತ್ತದೆ. ಆಯಾಸವನ್ನು ವರ್ಜಿಸಬೇಕೆಂದು ಋತುಚರ್ಯೆ ಸ್ಪಷ್ಟವಾಗಿ ಹೇಳುತ್ತದೆ. ರಸ್ತೆಯೂ ಅದನ್ನೇ ಹೇಳುತ್ತದೆನ್ನಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಮರದ ನೆರಳಿನ ರಸ್ತೆಯ ಅಂಚಿಗೆ ಪಾಚಿ ಕಟ್ಟುತ್ತದೆ, ಸಪೂರ ಟೈರು ಅದರ ಮೇಲೆ ನಿಲ್ಲುವುದಿಲ್ಲ. ಮಂಜು ಕವಿದಾಗ ಲಾರಿಯವನಿಗೆ ನೀವು ಕಾಣುವುದಿಲ್ಲ, ಗುಡ್ಡ ಕುಸಿದು ದಾರಿ ಮುಚ್ಚುವುದೂ ಉಂಟು. ಹೇಮಂತ, ಶಿಶಿರಗಳಲ್ಲಿ, ಅಂದರೆ ಮಾರ್ಗಶಿರದಿಂದ ಮಾಘ ಫಾಲ್ಗುಣದವರೆಗೆ, ಅಗ್ನಿ ಪ್ರಬಲ, ಬಲ ಉತ್ತಮ. ಮಳೆ ಚೆನ್ನಾಗಿ ಆದ ವರ್ಷ ಮಾರ್ಗಶಿರದಲ್ಲಿ ಜಲಾಶಯಗಳೂ ತುಂಬಿದಂತೆಯೇ ಇರುತ್ತವೆ. ಹಸಿರಿಗೇನೂ ಕೊರತೆಯಿಲ್ಲ.

ಆದರೆ ಆ ತಿಂಗಳುಗಳಿಗೆ ಈ ಸೀಮೆಯದೇ ಆದ ಒಂದು ಅಪಾಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನೇ ತೆಗೆದುಕೊಂಡಿತು. ಇದು ಉಣ್ಣೆಹುಳುವಿನ ಕಡಿತದಿಂದ ಬರುವ ವೈರಾಣು ರೋಗ. ಡಾಂಬರು ರಸ್ತೆಯ ಮೇಲೆ ಸಾಗುವವನಿಗೆ ಭಯ ಕಡಿಮೆ. ವಿಶ್ರಾಂತಿಗೆಂದು ಕಾಡಿನೊಳಗೆ ಹೋಗಿ ತರಗೆಲೆಯ ಮೇಲೆ ಕೂರುವುದು, ಸೈಕಲ್ಲನ್ನು ಪೊದೆಗೆ ಒರಗಿಸಿ ಮಲಗುವುದು ಅಪಾಯಕರ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಲೇಪಿಸಿಕೊಳ್ಳಿ; ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು ತೊಡೆಸಂದುಗಳನ್ನು ಪರೀಕ್ಷಿಸಿಕೊಳ್ಳಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮ್ಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಉಗುರಿನಿಂದ ಹಿಸುಕುವುದಾಗಲಿ ಬೆಂಕಿ ತಾಗಿಸುವುದಾಗಲಿ ಕೂಡದು. ಮುಖ್ಯವಾದ ಎಚ್ಚರಿಕೆ ಮತ್ತೊಂದಿದೆ. ಕಡಿತವಾದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬರುತ್ತದೆ. ಸೈಕಲ್ ಹೊಡೆದವನು ಮೈಕೈ ನೋವನ್ನು ಸವಾರಿಯ ದಣಿವೆಂದೇ ತಿಳಿಯುತ್ತಾನೆ. ಸವಾರಿಯ ನೋವು ಒಂದೆರಡು ದಿನದಲ್ಲಿ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಅದರೊಡನೆ ಜ್ವರವಿರುವುದಿಲ್ಲ. ಜ್ವರ ಬಂದರೆ “ಮಲೆನಾಡಿಗೆ ಹೋಗಿದ್ದೆ” ಎಂದು ವೈದ್ಯರಿಗೆ ಮರೆಯದೆ ಹೇಳಿ. ಮಳೆಗಾಲದ ಇಂಬಳ ಇದರ ಮುಂದೆ ಸಾಧು ಪ್ರಾಣಿ. ಉಪ್ಪು ತಾಗಿಸಿದರೆ ಬಿಟ್ಟುಹೋಗುತ್ತದೆ.

ಇಳಿಜಾರನ್ನು ಕುರಿತು ಎರಡು ಮಾತು. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ಗಾಲಿಯ ಅಂಚು ಕಾಯ್ದು ಟ್ಯೂಬು ಸಿಡಿಯುವ ಸಂಭವವುಂಟು. ತಿರುವಿಗೆ ಮೊದಲೇ ಎರಡೂ ಬ್ರೇಕುಗಳಿಂದ ವೇಗ ತಗ್ಗಿಸಿ, ತಿರುವಿನಲ್ಲಿ ಸಡಿಲ ಬಿಡಬೇಕು. ಏರಿನಲ್ಲಿ ಬೆವೆತ ಮೈಗೆ ಇಳಿಜಾರಿನ ಗಾಳಿ ಹೊಡೆದರೆ ಕೆಮ್ಮು, ಕುತ್ತಿಗೆ ಹಿಡಿತ ಖಂಡಿತ. ಅಂಗಿಯ ಒಳಗೆ ಎದೆಗೆ ಅಡ್ಡಲಾಗಿ ವೃತ್ತಪತ್ರಿಕೆಯೊಂದನ್ನು ಇಟ್ಟುಕೊಳ್ಳುವುದು ಹಳೆಯ ಸವಾರರ ಉಪಾಯ, ಈಗಲೂ ಅದಕ್ಕಿಂತ ಅಗ್ಗದ ಕವಚವನ್ನು ನಾವು ಕಂಡಿಲ್ಲ. ಸಂಜೆ ಐದರ ಬಳಿಕ ಕಾಡಿನ ದಾರಿ ಬೇಡ. ಕಾಡುಕೋಣಕ್ಕೆ ನಿಮ್ಮ ಗಂಟೆಯ ಸದ್ದು ಅರ್ಥವಾಗುವುದಿಲ್ಲ. ಹಿನ್ನೀರಿಗೆ ಈಜಲು ಇಳಿಯಲೇಬಾರದು. ಕೆಸರಿನ ಕೆಳಗೆ ಮುಳುಗಿದ ಮರಗಳ ಬೊಡ್ಡೆಗಳಿವೆ.

ಹೊರಡುವ ದಿನ ಬೆಳಿಗ್ಗೆ ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ತೊಡೆ, ಮೀನಖಂಡ, ಸೊಂಟಕ್ಕೆ ತಿಕ್ಕಿ ಬಿಸಿನೀರು ಹಾಕಿಕೊಳ್ಳಿ. ಮೊಸರವಲಕ್ಕಿ, ಬಾಳೆಹಣ್ಣು ಇಷ್ಟು ಸಾಕು. ಹೊಟ್ಟೆ ಬಿರಿಯೆ ತಿಂದು ಏರಬೇಡಿ. ದಾರಿಯಲ್ಲಿ ಉಪ್ಪು ಬೆರೆಸಿದ ನೀರುಮಜ್ಜಿಗೆ ಅಥವಾ ಮುರುಗಲ ಹಣ್ಣಿನ ಪಾನಕವನ್ನು ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರದ ವೇಗವನ್ನು ತಡೆಯಬಾರದು. ಪ್ರಾಸ್ಟೇಟ್ ತೊಂದರೆ, ಮೂಲವ್ಯಾಧಿ ಇರುವವರು ಪ್ರತಿ ಅರ್ಧ ಗಂಟೆಗೆ ಇಳಿದು ಹತ್ತು ಹೆಜ್ಜೆ ನಡೆಯಬೇಕು. ಜನನಾಂಗದ ಭಾಗದಲ್ಲಿ ಜೋಮು ಹಿಡಿದರೆ ಸೀಟಿನ ಎತ್ತರ, ಓರೆಗಳನ್ನು ಸರಿಪಡಿಸಿಕೊಳ್ಳಬೇಕು. ಪೆಡಲ್ ತೀರ ಕೆಳಗಿರುವಾಗ ಮಂಡಿ ಅತ್ಯಲ್ಪವಾಗಿ ಮಡಿಸಿರುವಷ್ಟು ಎತ್ತರ ಸರಿ. ಹೆಲ್ಮೆಟ್ಟಿನ ವಿಷಯದಲ್ಲಿ ಚರ್ಚೆಯೇ ಬೇಡ.

ಆ ವರ್ತಕ ಮಿತ್ರರು ಹೃದ್ರೋಗತಜ್ಞರ ಅನುಮತಿ ಪಡೆದು, ಒಂದು ವರ್ಷದ ನಡಿಗೆಯ ಬಳಿಕ ಮತ್ತೆ ಸೈಕಲ್ ಹಿಡಿದಿದ್ದಾರೆ. ಘಾಟಿಗೆ ಹೋಗುವುದಿಲ್ಲ. ಕಳೆದ ಪುಷ್ಯದಲ್ಲಿ ನಾವಿಬ್ಬರೂ ಸಾಗರದಿಂದ ಹೊರಟು ಹೊಸ ಸೇತುವೆಯನ್ನು ದಾಟಿದೆವು. ನಾಲ್ಕು ಏರುಗಳಲ್ಲಿ ಇಳಿದು ತಳ್ಳಿದೆವು. ದಾರಿಯುದ್ದಕ್ಕೂ ಅವರು ಅಡಿಕೆಯ ಧಾರಣೆಯ ಬಗ್ಗೆ ಮಾತನಾಡುತ್ತಲೇ ಇದ್ದರು. ಮಾತು ನಿಂತಾಗಲೆಲ್ಲ ನಾವು ಬ್ರೇಕ್ ಹಾಕುತ್ತಿದ್ದೆವು.